ನಿಮ್ಮ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸುತ್ತಾರೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮಠದ ಅಪ್ಪಗಳಿಗೆ, ಮಸೀದಿ ಮತ್ತು ದರ್ಗಾಗಳ ಹಿರಿಯರಿಗೆ, ಗುಡಿಯ ಪೂಜಾರಿಗಳಿಗೆ, ಚರ್ಚಿನ ಪಾದ್ರಿಗಳಿಗೆ, ಗುರುದ್ವಾರದ ಗ್ರಂಥಿಗಳಿಗೆ ಶರಣು, ಸಲಾಂ, ನಮಸ್ಕಾರ.

ನಾನು ಈ ಭಾಗದ ಸರ್ಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಿ ಆದವಳು. ಹೆಚ್ಚಿನ ವರ್ಷ ಹೆರಿಗೆ ವಾರ್ಡಿನಲ್ಲೇ ಕಳೆಯಿತು. ದೇವರನ್ನು ನಂಬುವವಳು. ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ತೇರಿಗೆ ಉತ್ತತ್ತಿ ಎಸೆಯದೆ ಇದ್ದವಳಲ್ಲ. ಬಂದೇನವಾಜರ ಉರುಸಿಗೂ ಹೋಗಿ ಸಕ್ಕರೆ ಓದಿಸಿಕೊಂಡು ಬಂದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಈ ವಿಷಯ ಎತ್ತಿದ ಕೂಡಲೇ ‘ಇವಳಿಗೆ ದೇವರು ದಿಂಡರು ಇಲ್ಲ’ ಅನ್ನೋ ಮಾತು ಬರುತ್ತದೆ.

ವಿಷಯ ಇಷ್ಟು. ಮುಟ್ಟು, ಬಸಿರು, ಹೆರಿಗೆಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಕೊನೆಯ ಮಾತು ನಿಮ್ಮದು. ನೀವು ಆಡಿದ್ದರೂ ಸರಿ, ಆಡದೇ ಇದ್ದರೂ ಸರಿ.

ಹೆರಿಗೆಯಾದ ಮೇಲೆ "ಕಾಪರ್-ಟಿ ಹಾಕಿಸ್ಕೋತೀ ಏನವ್ವ?" ಅಂತ ಬಾಣಂತಿಯನ್ನು ಕೇಳಿದರೆ ಅವಳು ಅತ್ತೆಯ ಮುಖ ನೋಡುತ್ತಾಳೆ. ಅತ್ತೆ, "ನಮ್ಮ ಅಪ್ಪಾರು ಬ್ಯಾಡಂತಾರ್ರೀ" ಅನ್ನುತ್ತಾಳೆ. ಪಕ್ಕದ ಮಂಚದವಳ ಗಂಡ, "ಹಮಾರೇಮೆ ಚಲ್ತಾ ನೈ ಸಿಸ್ಟರ್", ನಮ್ಮಲ್ಲಿ ನಡೆಯೋದಿಲ್ಲ, ಅನ್ನುತ್ತಾನೆ. ಯಾವ ಅಪ್ಪಾರು ಹೇಳಿದ್ದು, ಯಾವಾಗ ಹೇಳಿದ್ದು? ಯಾವ ಮೌಲ್ವಿ ಸಾಹೇಬರನ್ನು ಕೇಳಿದ್ದೀರಿ? ಉತ್ತರ ಇರುವುದಿಲ್ಲ. ಕೆಲವೊಮ್ಮೆ ನಿಜವಾಗಿಯೂ ಕೇಳಿರುತ್ತಾರೆ, ನೀವು ಬೇಡ ಅಂದಿರುತ್ತೀರಿ. ಆದರೆ ಹೆಚ್ಚಿನ ಸಲ ನಿಮ್ಮನ್ನು ಯಾರೂ ಕೇಳಿರುವುದೇ ಇಲ್ಲ. ನಿಮ್ಮ ಹೆಸರು ಹೇಳಿದರೆ ಸೊಸೆ ಸುಮ್ಮನಾಗುತ್ತಾಳೆ ಅಂತ ಎಲ್ಲರಿಗೂ ಗೊತ್ತು. ಅಷ್ಟೇ.

ಮುಟ್ಟಿನಿಂದಲೇ ಶುರು ಮಾಡುತ್ತೇನೆ. ಬಸವಕಲ್ಯಾಣ ನಮ್ಮಲ್ಲೇ ಇದೆ. ಜೇಡರ ದಾಸಿಮಯ್ಯನ ಮುದನೂರು ಸುರಪುರ ಸೀಮೆಯದು. 12ನೇ ಶತಮಾನದಲ್ಲೇ ಶರಣರು ಐದು ಸೂತಕಗಳನ್ನೂ ತೆಗೆದು ಹಾಕಿದರು. ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು. ಲಿಂಗ ಕಟ್ಟಿಕೊಂಡವಳಿಗೆ ಆ ದಿನಗಳಲ್ಲೂ ಲಿಂಗಪೂಜೆ ತಪ್ಪಬೇಕಿಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ, ನಿಮ್ಮ ಪ್ರವಚನಗಳಲ್ಲೇ ಕೇಳಿ ಕಲಿತದ್ದು. ಹಾಗಿದ್ದರೂ ಲಿಂಗಾಯತರ ಮನೆಗಳಲ್ಲೇ ಇವತ್ತಿಗೂ ಹುಡುಗಿ ‘ಹೊರಗ ಕುಂತಾಳ’. ದೇವರ ಜಗಲಿ ಮುಟ್ಟುವ ಹಾಗಿಲ್ಲ, ಉಪ್ಪಿನಕಾಯಿ ಭರಣಿ ಮುಟ್ಟುವ ಹಾಗಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಪ್ರವಚನ ಕೇಳಿದ ಅತ್ತೆ ಮನೆಗೆ ಬಂದು ಸೊಸೆಗೆ ಬೇರೆ ತಟ್ಟೆ ಇಡುತ್ತಾಳೆ. ಯಾಕಂದ್ರೆ ನೀವು ಸೂತಕ ಇಲ್ಲ ಅಂತ ಹೇಳುವಾಗ ಜಾತಿಸೂತಕದ ಬಗ್ಗೆ ಬಿಡಿಸಿ ಹೇಳುತ್ತೀರಿ. ಮುಟ್ಟಿನ ಸೂತಕದ ಹತ್ತಿರ ಬಂದಾಗ ಸ್ವಲ್ಪ ನಾಚಿಕೆಪಟ್ಟು ಮುಂದೆ ಹೋಗುತ್ತೀರಿ. ಎದುರಿಗೆ ಕೂತಿರುವವರು ಹೆಂಗಸರೇ ಜಾಸ್ತಿ, ಅಲ್ವಾ? ನಾಚಿಕೆ ಯಾರಿಗೆ?

ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಎಲ್ಲ ಜಾತಿಯವರೂ ಹೋಗಿ ನೀರು ಕುಡಿದು ಬರುತ್ತೇವೆ. ಸೂತಕವೆಲ್ಲ ಮನಸ್ಸಿನ ಭ್ರಮೆ ಅಂತ ಗುರು ನಾನಕರೂ ಹೇಳಿದರು. ಇಸ್ಲಾಮಿನಲ್ಲಿ ಆ ದಿನಗಳಲ್ಲಿ ನಮಾಜಿಲ್ಲ, ರೋಜಾ ಇಲ್ಲ. ಬಿಟ್ಟ ರೋಜಾ ಆಮೇಲೆ ಹಿಡಿದರಾಯಿತು. ಆದರೆ ಅವಳು ಅಡುಗೆ ಮಾಡಬಾರದು, ಜೊತೆಗೆ ಕೂತು ಉಣ್ಣಬಾರದು ಅಂತ ಎಲ್ಲೂ ಇಲ್ಲ. ಇನ್ನು ಕಾನೂನು. ಮುಟ್ಟಾದವರನ್ನು, ಬಸುರಿಯರನ್ನು ಬಲವಂತದಿಂದ ಬೇರೆ ಇಡುವುದು ನಮ್ಮ ರಾಜ್ಯದ 2017ರ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯಲ್ಲಿ ಅಪರಾಧ.

ಈ ಮಡಿ-ಮೈಲಿಗೆ ಮನಸ್ಸಿಗಷ್ಟೇ ನೋವು ಕೊಡುವುದಾಗಿದ್ದರೆ ಬಹುಶಃ ನಾನೂ ಸುಮ್ಮನಿರುತ್ತಿದ್ದೆ. ಅದು ಔಷಧಿ ಅಂಗಡಿಯವರೆಗೂ ಹೋಗಿದೆ. ಜಾತ್ರೆ, ಗೃಹಪ್ರವೇಶ, ಮೈದುನನ ಮದುವೆ ಬಂದರೆ ಸಾಕು, "ಮುಟ್ಟು ಮುಂದ ಹಾಕೋ ಗುಳಿಗಿ ಕೊಡ್ರಿ" ಅಂತ ಹೋಗುತ್ತಾರೆ. ಚೀಟಿ ಇಲ್ಲದೆ ಕೊಡುತ್ತಾರೆ. ಅದು ನಾರೆಥಿಸ್ಟೆರಾನ್ ಅನ್ನುವ ಹಾರ್ಮೋನ್ ಗುಳಿಗೆ. ಡಾಕ್ಟರ್ ನೋಡಿ ಕೆಲವು ದಿನಕ್ಕೆ ಬರೆದುಕೊಟ್ಟರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಆದರೆ ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಲಿವರ್ ಕಾಯಿಲೆ ಇದ್ದವರಿಗೆ ಅದು ಅಪಾಯ. ಅಂಗಡಿಯ ಹುಡುಗನಿಗೆ ಇದನ್ನೆಲ್ಲ ಕೇಳುವ ಪುರುಸೊತ್ತೆಲ್ಲಿ? ಇಡೀ ಶ್ರಾವಣ ಅಡ್ಡಿಯಾಗಬಾರದು ಅಂತ ವಾರಗಟ್ಟಲೆ ನುಂಗಿ, ಆಮೇಲೆ ಮುಟ್ಟು ನಿಲ್ಲದೆ ರಕ್ತ ಹೋಗಿ ಬಿಳಿಚಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ತೇರಿನ ಹಗ್ಗ ಹಿಡಿದವರಲ್ಲಿ ಯಾರು ಮುಟ್ಟಾಗಿದ್ದಾರೆ ಅಂತ ಶರಣಬಸಪ್ಪ ಲೆಕ್ಕ ಇಡುತ್ತಾನಾ?

ಮಕ್ಕಳಾಗದ ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಿಮ್ಮ ಅಂಗಳದಲ್ಲಿ ಹೆಚ್ಚು ಕಾಣುವವರು ಅವರೇ.

ಮದುವೆಯಾಗಿ ವರ್ಷ ತುಂಬುವುದರೊಳಗೆ ಬೀಗರು ಕೇಳಲು ಶುರು ಮಾಡುತ್ತಾರೆ. ಎರಡನೇ ವರ್ಷಕ್ಕೆ ಹರಕೆ. ಘತ್ತರಗಿಗೆ ಹೋಗುತ್ತಾರೆ, ಗಾಣಗಾಪುರಕ್ಕೆ ಹೋಗುತ್ತಾರೆ, ದರ್ಗಾಕ್ಕೆ ಹೋಗಿ ದಾರ ಕಟ್ಟುತ್ತಾರೆ. ಇದರಲ್ಲಿ ಹಿಂದೂ ಮುಸ್ಲಿಂ ಅನ್ನೋ ಭೇದ ನಮ್ಮ ಕಡೆ ಇಲ್ಲ, ಅದು ಒಳ್ಳೆಯದೇ. ಆದರೆ ಗಮನಿಸಿ. ಉಪವಾಸ ಇರುವವಳು ಅವಳು. ಉರುಳು ಸೇವೆ ಅವಳದು. ಬರಿಗಾಲಲ್ಲಿ ನಡೆಯುವವಳು ಅವಳು. ತಾಯತ ಅವಳ ತೋಳಿಗೆ. ಗಂಡ ಗುಡಿ ಹೊರಗೆ ಗಾಡಿ ಹತ್ತಿರ ನಿಂತು ಚಹಾ ಕುಡಿಯುತ್ತಿರುತ್ತಾನೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಒಂದು ಕಾರಣವಾಗಿರುತ್ತದೆ. ವೀರ್ಯದ ಪರೀಕ್ಷೆ ಈ ಎಲ್ಲ ಪರೀಕ್ಷೆಗಳಲ್ಲಿ ತುಂಬಾ ಸುಲಭದ್ದು, ಅಗ್ಗದ್ದು. ಸೂಜಿ ಇಲ್ಲ, ನೋವಿಲ್ಲ. ಆದರೂ ಹೆಂಡತಿಗೆ ಎಲ್ಲ ಸ್ಕ್ಯಾನಿಂಗ್ ಮುಗಿದು, ಊರೂರು ಹರಕೆ ಮುಗಿದು, ಎರಡನೇ ಮದುವೆಯ ಮಾತು ಬಂದರೂ ಗಂಡನದೊಂದು ಪರೀಕ್ಷೆ ಆಗಿರುವುದಿಲ್ಲ. "ಮಗನಿಗೆ ಪರೀಕ್ಷೆನಾ?" ಅಂತ ತಾಯಿಗೆ ಸಿಟ್ಟು. ಇತ್ತ ಹೆಣ್ಣಿನ ವಯಸ್ಸು ಕಾಯುವುದಿಲ್ಲ. 35 ದಾಟಿದ ಮೇಲೆ ಬಸಿರು ನಿಲ್ಲುವುದು ಕಷ್ಟವಾಗುತ್ತಾ ಹೋಗುತ್ತದೆ.

ಹರಕೆ ಬೇಡ ಅಂತ ನಾನು ಹೇಳುವುದಿಲ್ಲ. ನನ್ನ ತಂಗಿಯೇ ಹೊತ್ತಿದ್ದಳು. ನಾನು ಕೇಳುವುದು ಇಷ್ಟೇ. ದಾರ ಕಟ್ಟುವ ಮುಂಚೆ, ಅಂಗಾರ ಕೊಡುವ ಮುಂಚೆ, "ಇಬ್ಬರೂ ತೋರಿಸಿಕೊಂಡೀರಾ? ಅವನದು ಪರೀಕ್ಷೆ ಆಗೇತೇನು?" ಅಂತ ನೀವು ಒಂದು ಮಾತು ಕೇಳಿ. ನರ್ಸ್ ಕೇಳಿದರೆ ಮುಖ ಸಿಂಡರಿಸುವ ಗಂಡಸು ನೀವು ಕೇಳಿದರೆ ತಲೆ ತಗ್ಗಿಸಿ ಹೋಗುತ್ತಾನೆ. ‘ಬಂಜೆ’ ಅಂತ ಅವಳನ್ನು ತೊಟ್ಟಿಲು ಶಾಸ್ತ್ರಕ್ಕೆ ಕರೆಯದೆ ಇರುವವರಿಗೂ ನೀವೇ ಹೇಳಬೇಕು. ಹಾಗೆಯೇ ‘ಗಂಡು ಕೂಸು ಹಡಿ’ ಅಂತ ಆಶೀರ್ವಾದ ಮಾಡುವುದನ್ನೂ ದಯವಿಟ್ಟು ಬಿಡಿ. ಭ್ರೂಣದ ಲಿಂಗ ಹೇಳುವುದನ್ನು ತಡೆಯುವ ಕಾನೂನು 1994ರಲ್ಲೇ ಬಂತು. ಗಂಡೇ ಬೇಕು ಅನ್ನುವ ಆಸೆಗೆ ಗುಡಿಯಲ್ಲೇ ಗೊಬ್ಬರ ಹಾಕಿದರೆ ಕಾನೂನು ಒಂದೇ ಏನು ಮಾಡುತ್ತದೆ?

ಈಗ ಮಕ್ಕಳ ನಡುವಿನ ಅಂತರದ ಮಾತು. ಮೈಸೂರು ಸಂಸ್ಥಾನದಲ್ಲಿ 1930ರಲ್ಲೇ ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಿತು. ಜಗತ್ತಿನಲ್ಲೇ ಸರ್ಕಾರವೊಂದು ಮೊದಲು ಮಾಡಿದ್ದು ಅಂತ ಅದನ್ನು ಹೇಳುತ್ತಾರೆ. ನಾವು ಆಗ ನಿಜಾಮರ ಕೈಯಲ್ಲಿದ್ದೆವು. ಅಲ್ಲಿಂದ ಇಲ್ಲಿವರೆಗೂ ಎಲ್ಲವೂ ನಮಗೆ ತಡವಾಗಿಯೇ ಬರುವುದು, ಬಿಡಿ. 1938ರಲ್ಲಿ ಬಾಬಾಸಾಹೇಬ ಅಂಬೇಡ್ಕರರ ಪಕ್ಷ ಮುಂಬೈ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ಗೊತ್ತುವಳಿ ತಂದಿತು. ಅದು ಬಿದ್ದುಹೋಯಿತು. ಕಲಬುರಗಿಯ ಬುದ್ಧ ವಿಹಾರಕ್ಕೆ ಬಂದು ಬಾಬಾಸಾಹೇಬರಿಗೆ ಕೈಮುಗಿಯುವ ಗಂಡಸರಲ್ಲಿ ಇದು ಎಷ್ಟು ಜನರಿಗೆ ಗೊತ್ತಿದೆಯೋ.

ಮೌಲ್ವಿ ಸಾಹೇಬರೇ, ಪ್ರವಾದಿಯವರ ಕಾಲದಲ್ಲೇ ಬಸಿರಾಗದಂತೆ ಹೊರಗೆ ಬಿಡುವ ‘ಅಜ್ಲ್’ ರೂಢಿಯಲ್ಲಿತ್ತು, ಅದನ್ನು ತಡೆಯಲಿಲ್ಲ ಅಂತ ಹದೀಸಿನಲ್ಲಿ ಇರುವುದು ನಿಮಗೆ ಗೊತ್ತು. ಪೂರ್ತಿ ಹಾಲು ಕುಡಿಸಬೇಕು ಅನ್ನುವವರಿಗೆ ಎರಡು ವರ್ಷ ಅಂತ ಕುರಾನಿನಲ್ಲೇ ಇದೆ. ಶಾಶ್ವತ ಆಪರೇಷನ್ ವಿಷಯದಲ್ಲಿ ಬಹಳಷ್ಟು ಪಂಡಿತರು ಒಪ್ಪುವುದಿಲ್ಲ, ಒಪ್ಪಿದೆ. ಆದರೆ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್, ಛಾಯಾ ಗುಳಿಗೆ ಇವೆಲ್ಲ ಬೇಡವಾದಾಗ ನಿಲ್ಲಿಸಬಹುದಾದವು. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ‘ಚಲ್ತಾ ನೈ’ ಅನ್ನುವ ಗಂಡ ಇವೆರಡನ್ನೂ ಒಂದೇ ಮಾಡಿ ಹೇಳುತ್ತಾನೆ. ಬೇರೆ ಬೇರೆ ಅಂತ ನೀವು ಶುಕ್ರವಾರ ಹೇಳಿದರೆ ಅವನು ಏನು ಮಾಡುತ್ತಾನೆ ನೋಡೋಣ. ರಂಜಾನಿನಲ್ಲಿ ಬಸುರಿಗೂ ಹಾಲುಣಿಸುವವಳಿಗೂ ತೊಂದರೆಯ ಭಯ ಇದ್ದರೆ ರೋಜಾದಿಂದ ವಿನಾಯಿತಿ ಇರುವುದನ್ನೂ ಹೇಳಿ. ಶ್ರಾವಣ ಸೋಮವಾರ ಉಪವಾಸ ಮಾಡುವ ಬಸುರಿಯರಿಗೆ ಅಪ್ಪಗಳೂ ಹೇಳಿ. ಬಸುರಿಗೆ 180 ದಿನ ಕಬ್ಬಿಣದ ಗುಳಿಗೆ ಕೊಡುತ್ತೇವೆ. ಹೊಟ್ಟೆಯಲ್ಲಿ ಅನ್ನ ಇಲ್ಲದಿದ್ದರೆ ಅದನ್ನೂ ವಾಂತಿ ಮಾಡಿಕೊಳ್ಳುತ್ತಾರೆ.

ಪಾದ್ರಿಗಳಿಗೂ ಒಂದು ಮಾತು. ಕೃತಕ ಗರ್ಭನಿರೋಧ ಬೇಡ ಅಂತ ಕ್ಯಾಥೋಲಿಕ್ ಸಭೆ 1968ರಲ್ಲಿ ಮತ್ತೊಮ್ಮೆ ಖಚಿತವಾಗಿ ಹೇಳಿತು. ಬೀದರ್ ಕಡೆ ಹಳೆಯ ಸಭೆಗಳು ಹೆಚ್ಚಾಗಿ ಮೆಥಡಿಸ್ಟರದು. ನಿಮ್ಮಲ್ಲಿ ಅಂಥ ನಿಷೇಧ ಇಲ್ಲ ಅಂತ ನಿಮ್ಮ ಜನಕ್ಕೇ ಗೊತ್ತಿಲ್ಲ.

ಇನ್ನೊಂದು ಲೆಕ್ಕ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ವಿವಾಹಿತ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 57 ಮಂದಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದರು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಗಂಡಸರದು ಹೊಲಿಗೆ ಇಲ್ಲದ, ಕೆಲವೇ ನಿಮಿಷದ ಕೆಲಸ. ಹೆಂಗಸಿನದು ಹೊಟ್ಟೆ ಕೊಯ್ಯುವ ಕೆಲಸ. ಯಾವ ಧರ್ಮದ ಹೆಸರಲ್ಲಿ ಈ ಹಂಚಿಕೆ ಆಯಿತು? ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗಂಡಸಿಗೆ ಅನುಕೂಲ ಆದ ಕಡೆ ಧರ್ಮ ಸುಮ್ಮನಿರುತ್ತದೆ, ಇಲ್ಲದ ಕಡೆ ಎದ್ದು ನಿಲ್ಲುತ್ತದೆ. ಇದು ನನ್ನ ಅನುಭವ. ಬೇಕಾದರೆ ಬೈಯಿರಿ.

ಬಸಿರು ತೆಗೆಸುವ ವಿಷಯ ಬರೆಯದೆ ಈ ಪತ್ರ ಮುಗಿಸಬಹುದಿತ್ತು. ಮುಗಿಸಿದ್ದರೆ ನೀವೂ ಆರಾಮ, ನಾನೂ ಆರಾಮ.

ಅದು ಪಾಪ ಅಂತ ನಿಮ್ಮಲ್ಲಿ ಹಲವರು ನಂಬುತ್ತೀರಿ. ನಾನು ವಾದ ಮಾಡುವುದಿಲ್ಲ. ಆ ಕೋಣೆಯಿಂದ ನಾನೂ ಪ್ರತಿ ಸಲ ಹಗುರ ಮನಸ್ಸಿನಿಂದ ಹೊರಗೆ ಬಂದಿಲ್ಲ. ನಿಮ್ಮೊಳಗೇ ಎಲ್ಲರದೂ ಒಂದೇ ಮಾತಲ್ಲ ಅನ್ನುವುದೂ ನಿಜ. ಹನಫಿ ಪಂಥದ ಎಷ್ಟೋ ಹಳೆಯ ಪಂಡಿತರು ಸರಿಯಾದ ಕಾರಣ ಇದ್ದರೆ 120 ದಿನದ ಒಳಗೆ ಒಪ್ಪಿದ್ದಾರೆ. ಆದರೆ ನನ್ನ ತಕರಾರು ಬೇರೆ. ನಂಬುವುದು ನಿಮ್ಮ ಹಕ್ಕು. ನಂಬಿಕೆಯ ಪ್ರಕಾರ ನಡೆಯುವುದು ನಂಬಿದವಳ ಹಕ್ಕು. ಅವಳ ಬದಲು ಅತ್ತೆ, ಗಂಡ, ಊರ ಹಿರಿಯರು ನಂಬಿಬಿಟ್ಟರೆ ಅದಕ್ಕೆ ಏನನ್ನಬೇಕು?

ಕಾನೂನು 1971ರಿಂದ ಇದೆ, 2021ರಲ್ಲಿ ತಿದ್ದುಪಡಿ ಆಯಿತು. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿನ ನಡುವೆ ವಿಧವೆಯಾದವರು, ಇಂಥ ಕೆಲವರಿಗೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶ. ಮದುವೆ ಆಗದವರನ್ನೂ ಹೊರಗಿಡುವ ಹಾಗಿಲ್ಲ ಅಂತ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 18 ದಾಟಿದವಳಿಗೆ ಅವಳದೊಂದೇ ಒಪ್ಪಿಗೆ ಬೇಕು. ಗಂಡನ ಸಹಿ ಬೇಡ, ಅಪ್ಪನ ಸಹಿ ಬೇಡ. ಹೆಸರು ಗುಟ್ಟಾಗಿ ಇಡಬೇಕು. ಕಾಗದದ ಮೇಲೆ ಇಷ್ಟಿದೆ. "ಗಂಡನ್ನ ಕರ್ಕೊಂಡು ಬಾ, ಸಹಿ ಹಾಕ್ಲಿ" ಅಂತ ಹೆಣ್ಣುಮಕ್ಕಳನ್ನು ವಾಪಸ್ ಕಳಿಸಿದ ದವಾಖಾನೆಯಲ್ಲಿ ನಾನೇ ಕೆಲಸ ಮಾಡಿದ್ದೇನೆ. ವಾಪಸ್ ಹೋದವಳು ಎಲ್ಲಿಗೆ ಹೋಗುತ್ತಾಳೆ? ಮೆಡಿಕಲ್ ಅಂಗಡಿಗೆ, ಇಲ್ಲವೇ ಊರಲ್ಲಿ ಕಡ್ಡಿ ಹಾಕುವವಳ ಹತ್ತಿರ. ನಾಲ್ಕು ದಿನ ಬಿಟ್ಟು ಜ್ವರ, ದುರ್ವಾಸನೆ, ಬಿಪಿ ಇಳಿದು ನಮ್ಮ ಹತ್ತಿರವೇ ಬರುತ್ತಾಳೆ. ಆಗ ಯಾರೂ ಸಹಿ ಕೇಳುವುದಿಲ್ಲ.

ಸವಿತಾ ಹಾಲಪ್ಪನವರ್ ಹೆಸರು ನಿಮಗೆ ನೆನಪಿರಬಹುದು. ಬೆಳಗಾವಿಯ ಹೆಣ್ಣುಮಗಳು, ಹಲ್ಲಿನ ಡಾಕ್ಟರ್. ಐರ್ಲೆಂಡಿನ ಗಾಲ್ವೇ ಊರಲ್ಲಿ 17 ವಾರದ ಬಸುರಿ ಇದ್ದಾಗ ಗರ್ಭಪಾತ ಶುರುವಾಯಿತು. ಕೂಸು ಉಳಿಯುವುದಿಲ್ಲ ಅಂತ ಡಾಕ್ಟರುಗಳಿಗೂ ಗೊತ್ತಿತ್ತು. ತೆಗೆದುಬಿಡಿ ಅಂತ ಗಂಡ ಹೆಂಡತಿ ಕೇಳಿಕೊಂಡರು. ಕೂಸಿನ ಎದೆಬಡಿತ ಇನ್ನೂ ಇದೆ, ಇದು ಕ್ಯಾಥೋಲಿಕ್ ದೇಶ ಅನ್ನುವ ಉತ್ತರ ಬಂತು. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡಳು. 31 ವರ್ಷ. ಅವಳು ಕ್ಯಾಥೋಲಿಕ್ ಅಲ್ಲ. ಬೇರೆಯವರ ನಂಬಿಕೆಗೆ ಅವಳ ಜೀವ ಹೋಯಿತು. 2018ರಲ್ಲಿ ಅದೇ ದೇಶದ ಜನ ಓಟು ಹಾಕಿ ಬಸಿರು ತೆಗೆಯುವುದನ್ನು ತಡೆಯುವ ಸಂವಿಧಾನದ ನಿಯಮ ತೆಗೆದರು, ನೂರಕ್ಕೆ 66 ಮಂದಿ ತೆಗೆಯಿರಿ ಅಂದರು. ಅವರಲ್ಲಿ ಚರ್ಚಿಗೆ ಹೋಗುವವರೂ ಬೇಕಾದಷ್ಟು ಜನ ಇದ್ದರು. ನಮ್ಮಲ್ಲಿ ಕಾನೂನು 1971ರಿಂದಲೇ ಇದೆ. ತಡೆಯುವುದು ಕಾನೂನಲ್ಲ, "ಅಪ್ಪಾರ್ನ ಕೇಳಿ ಬರ್ತೀವ್ರಿ" ಅನ್ನುವ ಮಾತು. ಆ ಕೇಳಿ ಬರುವುದರಲ್ಲಿ ವಾರಗಳು ಕಳೆಯುತ್ತವೆ. 9 ವಾರದೊಳಗೆ ಗುಳಿಗೆಯಲ್ಲಿ ಮುಗಿಯುವುದು ಆಮೇಲೆ ಹಾಗೆ ಮುಗಿಯುವುದಿಲ್ಲ.

ಬಾಲ್ಯವಿವಾಹದ ಬಗ್ಗೆ ಉದ್ದ ಬರೆಯುವುದಿಲ್ಲ, ನಿಮಗೆ ಎಲ್ಲ ಗೊತ್ತು. ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅನೂರ್ಜಿತ. ಮಾಡಿಸಿದವರಿಗೂ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಅಂದರೆ ಮಂತ್ರ ಹೇಳಿದವರು, ನಿಕಾಹ್ ಓದಿಸಿದವರು ಎಲ್ಲರೂ ಬಂದರು. ಸಾಮೂಹಿಕ ವಿವಾಹದಲ್ಲಿ ಆಧಾರ್ ನೋಡಿದೆವು ಅನ್ನುತ್ತೀರಿ. ಶಾಲೆಯ ದಾಖಲೆ ನೋಡಿ. 16ರ ಹುಡುಗಿಯ ಹೆರಿಗೆ ಹೇಗಿರುತ್ತದೆ ಅಂತ ನಿಮ್ಮಲ್ಲಿ ಒಬ್ಬರಾದರೂ ಒಂದು ರಾತ್ರಿ ವಾರ್ಡಿನ ಹೊರಗೆ ಕೂತು ಕೇಳಿದರೆ ಮುಂದಿನ ವರ್ಷದ ಪಟ್ಟಿ ಗಿಡ್ಡ ಆಗುತ್ತದೆ.

ತಾಂಡಾಗಳ ವಿಷಯ ಮಾತ್ರ ಬಿಡಲಾರೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಅಗತ್ಯವಿಲ್ಲದೆ ಗರ್ಭಚೀಲ ತೆಗೆದ ಪ್ರಕರಣಗಳು ಬಯಲಿಗೆ ಬಂದವು. ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳೇ ಹೆಚ್ಚು. ಬಿಳಿ ಮುಟ್ಟು, ಹೊಟ್ಟೆನೋವು ಅಂತ ಹೋದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಕೊಯ್ದರು. ತಪ್ಪು ದುಡ್ಡಿನ ಆಸೆಯದು, ಧರ್ಮದ್ದಲ್ಲ. ಆದರೆ ಅಷ್ಟು ಸುಲಭವಾಗಿ ಹೇಗೆ ಒಪ್ಪಿದರು? ಮುಟ್ಟನ್ನು ಹೊಲಸು, ಪೀಡೆ ಅಂತಲೇ ಕೇಳಿಕೊಂಡು ಬೆಳೆದವಳಿಗೆ "ಚೀಲ ತೆಗೆದ್ರ ಇದೆಲ್ಲ ಇರಂಗಿಲ್ಲ" ಅಂದರೆ ಒಳ್ಳೆಯ ಸುದ್ದಿಯೇ. ಸಣ್ಣ ವಯಸ್ಸಿನಲ್ಲಿ ಅದನ್ನು ತೆಗೆದರೆ ಮೂಳೆ ಸವೆಯುವುದು, ಹೃದಯದ ತೊಂದರೆ ಬೇಗ ಬರಬಹುದು, ಅದರಲ್ಲೂ ಅಂಡಾಶಯ ಸೇರಿಸಿ ತೆಗೆದರೆ. ಇಂಥ ಆಪರೇಷನ್‌ಗಳ ಮೇಲೆ ನಿಗಾ ಇಡುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೇವಾಲಾಲರ ಗುಡಿ ಇಲ್ಲದ ತಾಂಡಾ ಇಲ್ಲ. ಜಯಂತಿಯ ದಿನ ಅಲ್ಲಿ ಮೈಕ್ ಇರುತ್ತದೆ. ಇನ್ನೊಬ್ಬ ಡಾಕ್ಟರನ್ನು ಕೇಳದೆ ಚೀಲ ತೆಗೆಸಬೇಡಿ ಅಂತ ಒಂದು ಮಾತು ಆ ಮೈಕಿನಲ್ಲಿ ಬರಲಿ.

ನಿಮ್ಮಿಂದ ಇದೆಲ್ಲ ಆಗುತ್ತದಾ ಅಂತ ಯಾರಾದರೂ ಕೇಳಿದರೆ ಆಗುತ್ತದೆ ಅಂತಲೇ ಹೇಳುತ್ತೇನೆ. ಹೆಣ್ಣುಮಕ್ಕಳ ಓದು ಅಂದರೆ ಊರು ನಗುತ್ತಿದ್ದ ಕಾಲದಲ್ಲಿ ಕಲಬುರಗಿಯಲ್ಲಿ ಅವರಿಗೆ ಶಾಲೆ ತೆರೆದದ್ದು ಶರಣಬಸವೇಶ್ವರ ಸಂಸ್ಥಾನ. ಗೋದುತಾಯಿ ಹೆಸರಿನ ಮಹಿಳಾ ಕಾಲೇಜು ಅವರದೇ. ಬೀಬಿ ರಜಾ ಹೆಸರಿನ ಮಹಿಳಾ ಕಾಲೇಜು ಬಂದೇನವಾಜ್ ದರ್ಗಾದವರ ಶಿಕ್ಷಣ ಸಂಸ್ಥೆಯದು, ಮೆಡಿಕಲ್ ಕಾಲೇಜೂ ಇದೆ. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಹುಡುಗಿಯರು ಅಲ್ಲಿ ಓದಿ ಬಂದವರು. ಓದಿಸುವಾಗ ಊರಿನ ಬಾಯಿಗೆ ನೀವು ಹೆದರಲಿಲ್ಲ.

ನಾನು ನಿಮ್ಮ ಅನುಮತಿ ಕೇಳುತ್ತಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ, ಇರಲೂಬಾರದು. "ಈ ವಿಷಯಕ್ಕೆ ನನ್ನನ್ನು ಕೇಳಬೇಡಿ, ಅವಳನ್ನು ಕೇಳಿ, ಡಾಕ್ಟರನ್ನು ಕೇಳಿ" ಅಂತ ಪ್ರವಚನದಲ್ಲಿ, ಜುಮ್ಮಾದಲ್ಲಿ, ಭಾನುವಾರದ ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ಒಂದು ಸಲ ಹೇಳಿದರೆ ಸಾಲದು, ಜನ ಮರೆತಂತೆ ಮಾಡುತ್ತಾರೆ.

ಜೊತೆಗೆ ಸಣ್ಣದೊಂದು ಕೆಲಸ. ಬರುವ ಜಾತ್ರೆ, ಉರುಸುಗಳಲ್ಲಿ ಬಳೆ ಅಂಗಡಿಗಳ ಸಾಲಿನಲ್ಲಿ ಒಂದು ಟೇಬಲ್ಲಿಗೆ ಜಾಗ ಕೊಡಿ. ಬಾಡಿಗೆ ಬೇಡ ಅನ್ನಿ. ಗಂಡಸರು ಇಣುಕದಂತೆ ಒಂದು ಪರದೆ ಕಟ್ಟಿಸಿ. ಆಶಾ ಕಾರ್ಯಕರ್ತೆಯರನ್ನು ಕರೆತರುವ ಜವಾಬ್ದಾರಿ ನನ್ನದು. ಬಿಪಿ ನೋಡುತ್ತೇವೆ, ಹಿಮೋಗ್ಲೋಬಿನ್ ನೋಡುತ್ತೇವೆ, ಕೇಳಿದ್ದಕ್ಕೆ ಉತ್ತರ ಹೇಳುತ್ತೇವೆ. ಉದ್ಘಾಟನೆಗೆ ನೀವು ಬಂದರೆ ಸಂತೋಷ. ಆದರೆ ಹಾರ ಹಾಕಿಸಿಕೊಂಡ ಮೇಲೆ ಅಲ್ಲಿ ನಿಲ್ಲಬೇಡಿ, ನೀವು ಇದ್ದರೆ ಅವರು ಬಾಯಿ ಬಿಡುವುದಿಲ್ಲ.

ಇಂತಿ,
ನಿವೃತ್ತ ನರ್ಸ್, ಕಲಬುರಗಿ